ಎರಡೂವರೆ ಲೀಟರ್ ಡಬ್ಬಿಯೊಳಗೊಂದು ಡೆಸ್ಕ್‌ಟಾಪ್: ಎಸ್‌ಪಿ ರೋಡಿಂದ ಪೀಣ್ಯದವರೆಗೆ

ನಾನು ಕಟ್ಕೊಂಡಿರೋ ಕಂಪ್ಯೂಟರ್ ಹೊರಗಡೆ ಅಳತೆ 19 ಸೆಂ.ಮೀ ಉದ್ದ, 19 ಅಗಲ, 7 ಎತ್ತರ. ಗುಣಿಸಿ ನೋಡಿದ್ರೆ ಎರಡೂವರೆ ಲೀಟರ್ ಚಿಲ್ರೆ, ಮಾಮೂಲಿ ಟವರ್ ಕ್ಯಾಬಿನೆಟ್ಟು 40 ಲೀಟರ್ ಹತ್ರ ಇರುತ್ತೆ. ಮಾನಿಟರ್ ಸ್ಟ್ಯಾಂಡ್ ಕೆಳಗೆ ಕೂರುತ್ತೆ, ಒಳಗಿರೋದು ಲ್ಯಾಪ್‌ಟಾಪ್ ಚಿಪ್ ಅಲ್ಲ, ಪೂರ್ತಿ ಡೆಸ್ಕ್‌ಟಾಪ್ ಪ್ರೊಸೆಸರ್ರೇ. ಎಲ್ಲಾ ಪಾರ್ಟೂ ಬೆಂಗಳೂರಲ್ಲೇ ಕೈಯಲ್ಲಿ ಹಿಡ್ಕೊಂಡು ನೋಡಿ ತಗೊಂಡಿದ್ದು, ಆನ್‌ಲೈನ್ ಆರ್ಡರ್ ಒಂದೂ ಇಲ್ಲ. ಹೇಗ್ ಮಾಡಿದ್ರಿ ಅಂತ ತುಂಬಾ ಜನ ಕೇಳ್ತಾನೇ ಇದಾರೆ, ಅದಕ್ಕೆ ಒಂದೇ ಸಲ ಬರೆದು ಹಾಕ್ತಿದೀನಿ.

ಎಲ್ರೂ ಪ್ರೊಸೆಸರ್ ಯಾವ್ದು ಅನ್ನೋದ್ರಿಂದ ಶುರು ಮಾಡ್ತಾರೆ. ಚಿಕ್ಕ ಡಬ್ಬಿಗೆ ಆ ದಾರಿ ಬೇಡ, ಮೊದ್ಲು ಕರೆಂಟ್ ಎಲ್ಲಿಂದ ಬರುತ್ತೆ ಅಂತ ತೀರ್ಮಾನ ಮಾಡಿ, ಯಾಕಂದ್ರೆ ಜಾಗ ತಿನ್ನೋದು ಗೋಡೆ ಕರೆಂಟನ್ನ ಕಂಪ್ಯೂಟರಿಗೆ ಹೊಂದಿಸಿ ಕೊಡೋ ಪವರ್ ಸಪ್ಲೈ ಡಬ್ಬಿ, ಅಂದ್ರೆ ಎಸ್‌ಎಂಪಿಎಸ್ಸೇ. ಸಣ್ಣ ಸೈಜಿನ ಫ್ಲೆಕ್ಸ್ ಎಟಿಎಕ್ಸ್ ಸಪ್ಲೈ ತಗೊಂಡ್ರೂ 150 × 81.5 × 40.5 ಮಿ.ಮೀ ಇಟ್ಟಿಗೆ ಅದು, ಅಂದ್ರೆ ಅರ್ಧ ಲೀಟರ್ ಅಲ್ಲೇ ಹೋಯ್ತು, ಜೊತೆಗೆ ಅದರ 40 ಎಂಎಂ ಫ್ಯಾನ್ ರಾತ್ರಿ ಹೊತ್ತು ಕಿವೀಲಿ ಕೂಗ್ತಿರುತ್ತೆ. ಹಾಗಾಗಿ ನಾನು ಸಪ್ಲೈನ ಡಬ್ಬಿಯಿಂದ ಹೊರಗೇ ಹಾಕ್ದೆ, ಥಿನ್ ಮಿನಿ ಐಟಿಎಕ್ಸ್ ಬೋರ್ಡಿಗೆ ಹೋದೆ. ಮಿನಿ ಐಟಿಎಕ್ಸ್ ಅಂದ್ರೆ 170 × 170 ಮಿ.ಮೀ ಬೋರ್ಡು, 2001ರಲ್ಲಿ ವಿಯಾ ಕಂಪನಿ ತಂದಿದ್ದು. ಥಿನ್ ಅನ್ನೋದು ಅದರದ್ದೇ ತೆಳು ಅವತಾರ, ರ‍್ಯಾಮ್ ಲ್ಯಾಪ್‌ಟಾಪಲ್ಲಿ ಇದ್ದಂಗೆ ಮಲಗಿರುತ್ತೆ, ಎಸ್‌ಎಂಪಿಎಸ್ಸಿಂದ ಬರೋ 24 ಪಿನ್ ಕೇಬಲ್ ಇಲ್ಲ, ಹಿಂದುಗಡೆ ಲ್ಯಾಪ್‌ಟಾಪ್ ಥರದ ಜಾಕ್ ಇರುತ್ತೆ, 19 ವೋಲ್ಟ್ ಚಾರ್ಜರ್ ಚುಚ್ಚಿದ್ರೆ ಮುಗೀತು. ಮಾನಿಟರೊಳಗೇ ಕಂಪ್ಯೂಟರ್ ಇರೋ ಆಲ್ ಇನ್ ಒನ್ ಮಷೀನು, ಬಿಲ್ಲಿಂಗ್ ಕೌಂಟರ್ ಮಷೀನುಗಳಿಗೆ ಹಾಕೋದು ಇಂಥದ್ದನ್ನೇ. ಅದಕ್ಕೇ ಬೆಂಗಳೂರಲ್ಲಿ ಕಂಪ್ಯೂಟರ್ ಸಾಮಾನಿಗೆ ಹೆಸರಾದ ಎಸ್‌ಪಿ ರೋಡಲ್ಲಿ ಗೇಮಿಂಗ್ ಪಿಸಿ ಮಾರೋ ಮುಂದಿನ ಅಂಗಡಿಗಳಲ್ಲಿ ಕೇಳಿದ್ರೆ ಮುಖ ಮುಖ ನೋಡ್ತಾರೆ, ಒಳಗಡೆ ಮಹಡಿ ಮೇಲಿರೋ ಪಿಒಎಸ್, ಅಂದ್ರೆ ಬಿಲ್ಲಿಂಗ್ ಮಷೀನ್ ಡೀಲರ್‌ಗಳ ಹತ್ರ ಕೇಳಿ. ನಂಗೆ ಸಿಕ್ಕಿದ್ದು ಇಂಟೆಲ್ ಎಚ್610 ಚಿಪ್‌ಸೆಟ್‌ದು, ಎರಡು ಡಿಡಿಆರ್4 ರ‍್ಯಾಮ್ ಸ್ಲಾಟು, ಎಸ್‌ಎಸ್‌ಡಿಗೆ ಒಂದು ಎನ್‌ವಿಎಂಇ ಸ್ಲಾಟು, ಒಂದು ವೈಫೈ ಸ್ಲಾಟು. ಭಾನುವಾರ ಹೋಗ್ಬೇಡಿ, ಬಹುತೇಕ ಶಟರ್ ಎಳೆದಿರುತ್ತೆ.

ಪ್ರೊಸೆಸರ್ ಇಂಟೆಲ್ ಕೋರ್ ಐ3 12100, ನಾಕು ಕೋರ್ ಎಂಟು ಥ್ರೆಡ್. ಆರು ಕೋರಿನ 12400 ಯಾಕೆ ತಗೊಳ್ಲಿಲ್ಲ ಅಂತ ಅಂಗಡಿಯವ್ರೂ ಕೇಳಿದ್ರು. ಲೆಕ್ಕ ಹೀಗೆ: 12100ಗೆ ಬೇಸ್ ಪವರ್ 60 ವ್ಯಾಟ್, ಟರ್ಬೋ ಏರಿದಾಗ, ಅಂದ್ರೆ ಪೂರ್ತಿ ಜೋರಲ್ಲಿ ಓಡೋವಾಗ, 89. 12400 ಟರ್ಬೋದಲ್ಲಿ 117 ಎಳೀಬಹುದು, 120 ವ್ಯಾಟ್ ಚಾರ್ಜರ್‌ ಮೇಲೆ ಅದನ್ನ ಕೂರಿಸಿ ಎಸ್‌ಎಸ್‌ಡಿ, ಫ್ಯಾನು, ಯುಎಸ್‌ಬಿಗೆ ನೇತಾಕಿರೋ ಹಾರ್ಡ್ ಡಿಸ್ಕು ಎಲ್ಲಾ ಸೇರಿಸಿದ್ರೆ ಉಸಿರಾಡೋಕೆ ಜಾಗ ಇರಲ್ಲ. ಬಯೋಸಲ್ಲಿ ಲಿಮಿಟ್ ಇಳಿಸಿ ಓಡಿಸ್ಬಹುದು ನಿಜ, ಆದ್ರೆ ದುಡ್ಡು ಕೊಟ್ಟು ತಂದು ಅದರ ಕೈ ಕಟ್ಟಿ ಕೂರಿಸೋದು ನಂಗಿಷ್ಟ ಇಲ್ಲ. ನಂದು ಬ್ರೌಸರು, ಕೋಡಿಂಗು, ಸ್ವಲ್ಪ ಫೋಟೋ ಎಡಿಟಿಂಗು ಅಷ್ಟೇ, 12100 ಧಾರಾಳವಾಗಿ ಸಾಕು.

ಚಾರ್ಜರ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಇಲ್ಲೇ ಜಾಸ್ತಿ ಜನ ಎಡವೋದು. ಬೋರ್ಡಲ್ಲಿರೋದು 7.4 ಮಿ.ಮೀ ದಪ್ಪ ಜಾಕ್, ಹಳೇ ಎಚ್‌ಪಿ, ಡೆಲ್ ಲ್ಯಾಪ್‌ಟಾಪುಗಳಿಗೆ ಬರ್ತಿತ್ತಲ್ಲ ಮಧ್ಯೆ ಸೂಜಿ ಥರ ಪಿನ್ ಇರೋದು, ಅದೇ. ಲ್ಯಾಪ್‌ಟಾಪ್ ಸರ್ವಿಸ್ ಅಂಗಡಿಗಳಲ್ಲಿ ಬುಟ್ಟಿಗಟ್ಟಲೆ ಬಿದ್ದಿರುತ್ತೆ. ಲೇಬಲ್ ಮೇಲಿನ ವ್ಯಾಟ್ ನಂಬ್ಬೇಡಿ, ವೋಲ್ಟು ಇಂಟು ಆಂಪು ಗುಣಿಸಿ ನೋಡಿ, 19 ವೋಲ್ಟ್ 4.74 ಆಂಪ್ ಅಂದ್ರೆ 90 ವ್ಯಾಟು, 120 ಬೇಕಂದ್ರೆ 6.3 ಆಂಪ್ ಇರ್ಬೇಕು. ಮೇಲಾಗಿ ಕೈಯಲ್ಲಿ ಎತ್ತಿ ನೋಡಿ. ಒಂದು ಅಂಗಡೀಲಿ 120 ಅಂತ ಬರೆದಿದ್ದು ಕೊಟ್ರು, ತೂಕ ನೋಡಿದ್ರೆ ಪಕ್ಕದಲ್ಲಿದ್ದ 65 ವ್ಯಾಟ್‌ದಕ್ಕಿಂತ ಹಗುರ, ಮನೆಗೆ ತಂದು ಲೋಡ್ ಟೆಸ್ಟ್ ಹಾಕಿದ್ರೆ ಸ್ವಲ್ಪ ಹೊತ್ತಿಗೇ ಪಟ್ ಅಂತ ಆಫ್. ಬಿಲ್ ಇತ್ತು, ಗೊಣಗ್ತಾ ವಾಪಸ್ ತಗೊಂಡ್ರು. ಆಮೇಲೆ ಲ್ಯಾಪ್‌ಟಾಪಿಂದ ಬಿಚ್ಚಿದ ಒರಿಜಿನಲ್ ಒಂದು ಸಿಕ್ತು, ಕೆಜಿ ಬಟ್ಟಿನ ಥರ ಭಾರ, ಅದು ಇವತ್ತಿಗೂ ತೊಂದ್ರೆ ಕೊಟ್ಟಿಲ್ಲ. ಜಿಎಸ್‌ಟಿ ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ ಅಂತಾರೆ, ಚಾರ್ಜರ್‌ಗೆ, ಬೋರ್ಡಿಗೆ ಮಾತ್ರ ಆ ಆಸೆಗೆ ಬೀಳ್ಬೇಡಿ.

ರ‍್ಯಾಮ್ 8 ಜಿಬಿದು ಎರಡು. 16ರದ್ದು ಒಂದೇ ಹಾಕಿದ್ರೆ ಡ್ಯುಯಲ್ ಚಾನೆಲ್, ಅಂದ್ರೆ ಎರಡು ಕಡ್ಡಿಗಳಿಂದ ಒಟ್ಟಿಗೇ ಡೇಟಾ ಓದೋ ಅನುಕೂಲ ಹೋಗುತ್ತೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷೀನಲ್ಲಿ ಅದು ಸೀದಾ ಗೊತ್ತಾಗುತ್ತೆ. ಲ್ಯಾಪ್‌ಟಾಪ್ ರ‍್ಯಾಮ್ ಆಗಿರೋದ್ರಿಂದ ಅಪ್‌ಗ್ರೇಡ್ ಮಾಡಿಸ್ಕೊಂಡವರು ಬಿಟ್ಟು ಹೋದ 8 ಜಿಬಿ ಕಡ್ಡಿಗಳು ಸರ್ವಿಸ್ ಅಂಗಡಿಗಳಲ್ಲಿ ಸಿಗುತ್ವೆ, ಹೊಸ ರ‍್ಯಾಮ್ ರೇಟು ಆಕಾಶಕ್ಕೆ ಏರಿರೋವಾಗ ಅದೇ ಗತಿ. ವೈಫೈ ಕಾರ್ಡೂ ಅಲ್ಲೇ. ಎಎಕ್ಸ್201 ಕೊಡೋಕೆ ಬರ್ತಾರೆ, ಅದು ಇಂಟೆಲ್‌ದೇ ಕೆಲವು ಬೋರ್ಡುಗಳಲ್ಲಿ ಮಾತ್ರ ನಡೆಯೋದು, ಎಎಕ್ಸ್210 ಕೇಳಿ ತಗೊಳ್ಳಿ.

ಇನ್ನು ಡಬ್ಬಿ. ರೆಡಿಮೇಡ್ ಚಿಕ್ಕ ಕ್ಯಾಬಿನೆಟ್ಟುಗಳು ಇದಾವೆ, ಆದ್ರೆ ತಗಡು ಎಷ್ಟು ತೆಳು ಅಂದ್ರೆ ಬೆರಳಲ್ಲಿ ಒತ್ತಿದ್ರೆ ಟಕ್ ಅನ್ನುತ್ತೆ. ಹಾಗಾಗಿ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇಸರ್ ಕಟಿಂಗ್ ಮಾಡೋ ಒಂದು ಫ್ಯಾಬ್ರಿಕೇಶನ್ ಶೆಡ್ಡಿಗೆ ಹೋದೆ. ಡ್ರಾಯಿಂಗ್ ನೋಡ್ತಿದ್ದಂಗೇ ಓನರ್ ಕೇಳಿದ್ದು, "ಒಂದೇ ಪೀಸಾ ಸಾರ್?" ಹೌದಣ್ಣಾ ಅಂದೆ. "ಒಂದಕ್ಕೆಲ್ಲಾ ಶೀಟ್ ಹಾಕೋಕಾಗಲ್ಲ, ಯಾವ್ದಾದ್ರೂ ಆರ್ಡರ್‌ದು 1.2 ಎಂಎಂ ಶೀಟ್ ಮಿಕ್ಕಿದ್ರೆ ಅದರ ಮೂಲೇಲಿ ಹಾಕ್ಕೊಡ್ತೀನಿ, ಅರ್ಜೆಂಟ್ ಮಾಡ್ಬೇಡಿ" ಅಂದ್ರು. ಅರ್ಜೆಂಟ್ ಮಾಡ್ಲಿಲ್ಲ, ಅದಕ್ಕೇ ರೇಟೂ ಹಿತವಾಗಿತ್ತು. ಕಟಿಂಗ್ ಮಷೀನು ಓದೋ ಡ್ರಾಯಿಂಗ್, ಅಂದ್ರೆ ಡಿಎಕ್ಸ್‌ಎಫ್ ಫೈಲ್ ಒಯ್ದಿದ್ರೆ ಕೆಲಸ ಸುಲಭ, ಆದ್ರೆ ಬೆಂಡ್ ಆದ್ಮೇಲೆ ಅಳತೆ ಎಷ್ಟು ಬದಲಾಗುತ್ತೆ ಅನ್ನೋದು ಅವರ ಮಷೀನು ಅವರಿಗೇ ಗೊತ್ತು, ಆ ಲೆಕ್ಕ ಅವರಿಗೇ ಬಿಡಿ.

ಡ್ರಾಯಿಂಗ್ ಮಾಡೋವಾಗ ನೋಡ್ಕೋಬೇಕಾದ ವಿಷ್ಯ ಒಂದಿದೆ. ಬೋರ್ಡಿನ ನಾಕು ತೂತುಗಳು ಚೌಕವಾಗಿ ಇಲ್ಲ. ಕಣ್ಣಿಗೆ ಚೌಕ ಅನ್ಸುತ್ತೆ, ಆದ್ರೆ ಒಂದು ತೂತು ಸುಮಾರು 23 ಮಿ.ಮೀ ಸರಿದು ಕೂತಿದೆ. ನಾನು ಬೋರ್ಡನ್ನೇ ಗ್ರಾಫ್ ಹಾಳೆ ಮೇಲಿಟ್ಟು ಸೀಸದಕಡ್ಡಿ ತೂರ್ಸಿ ಗುರುತು ಹಾಕಿ, ವರ್ನಿಯರಲ್ಲಿ ತಾಳೆ ನೋಡಿ ಆಮೇಲೆ ಫೈಲಿಗೆ ಏರಿಸ್ದೆ. ಹಿಂದಿನ ಪೋರ್ಟುಗಳ ಕಿಂಡಿ ಮಾತ್ರ 158.75 × 44.45 ಮಿ.ಮೀ, ಮಾಮೂಲಿ ಪೂರ್ತಿ ಎತ್ತರದ್ದೇ ಕೊಯ್ಸಿದೀನಿ, ತೆಳು ಬೋರ್ಡಿಗೆ ಅಷ್ಟು ಬೇಕಿಲ್ಲ ಆದ್ರೂ ನಾಳೆ ಸಾಧಾರಣ ಮಿನಿ ಐಟಿಎಕ್ಸ್ ಕೂರಿಸ್ಬೇಕು ಅನ್ಸಿದ್ರೆ ತಗಡು ಕೊಯ್ಯೋ ಉಸಾಬರಿ ಬೇಡ ಅಂತ. ಎಂ3 ಸ್ಕ್ರೂ ತೂತುಗಳನ್ನ 3.4 ಮಿ.ಮೀ ಇಟ್ಟೆ, ಪುಡಿ ಬಣ್ಣ ಹಾಕಿ ಬಿಸಿ ಮಾಡಿ ಕೂರಿಸೋ ಪೌಡರ್ ಕೋಟಿಂಗ್ ಆದ್ಮೇಲೆ ತೂತು ಸಣ್ಣ ಆಗುತ್ತೆ. ಬೋರ್ಡಿನ ಕೆಳಗಿಡೋ ಹಿತ್ತಾಳೆ ಸ್ಪೇಸರ್‌ಗಳು ಎಸ್‌ಪಿ ರೋಡಲ್ಲೇ ಆರ್ಡುಯಿನೋ ಥರದ ಎಲೆಕ್ಟ್ರಾನಿಕ್ಸ್ ಸಾಮಾನು ಮಾರೋ ಅಂಗಡೀಲಿ ಸಿಗುತ್ವೆ. ಸ್ಪೇಸರ್ ಕೂರೋ ಜಾಗದಲ್ಲಿ ಬಣ್ಣ ಉಪ್ಪು ಕಾಗದದಲ್ಲಿ ಕೆರೆದು ತಗಡು ಕಾಣೋ ಹಾಗೆ ಮಾಡಿ, ಪೌಡರ್ ಕೋಟಿಂಗ್ ಕರೆಂಟ್ ಬಿಡಲ್ಲ, ಕೆರೀದಿದ್ರೆ ಬೋರ್ಡಿನ ಗ್ರೌಂಡಿಗೂ ಡಬ್ಬಿಗೂ ಸಂಬಂಧಾನೇ ಇರಲ್ಲ. ಮೂರು ಪಿನ್ನಿನ ಚಾರ್ಜರನ್ನ ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಹಾಕಿ ಡಬ್ಬಿ ಮುಟ್ಟಿದ್ರೆ ಜುಂ ಅನ್ನೋದು ಬೇರೆ ಕಥೆ, ಅದು ಮನೆ ವೈರಿಂಗ್‌ದು.

ಕೂಲರ್ ಪ್ರೊಸೆಸರ್ ಜೊತೆ ಬಂದಿದ್ದೇ, ವರ್ನಿಯರಿಗೆ 47 ಮಿ.ಮೀ ಬಂತು. ಡಬ್ಬಿ 7 ಸೆಂ.ಮೀ ಆಗಿದ್ದೇ ಇದರ ದೆಸೆಯಿಂದ, ಸ್ಪೇಸರು, ಬೋರ್ಡು, ಸಾಕೆಟ್ಟು, ಕೂಲರು ಎಲ್ಲಾ ಒಂದರ ಮೇಲೊಂದು ಕೂಡಿ ಮೇಲೆ ಫ್ಯಾನಿಗೆ ಗಾಳಿ ಎಳ್ಕೊಳ್ಳೋಕೆ ಐದಾರು ಮಿ.ಮೀ ಬಿಟ್ರೆ ಅಷ್ಟಾಗುತ್ತೆ. ಮುಚ್ಚಳದಲ್ಲಿ ಜಾಲರಿ ಕೊಯ್ಸಿದ್ದೆ, ಆದ್ರೂ ಲೋಡ್ ಬಿದ್ದಾಗ 85 ಡಿಗ್ರಿ ಮೇಲೇ ಇರ್ತಿತ್ತು. ಮುಚ್ಚಳ ತೆಗೆದ್ರೆ ಧಡಕ್ಕಂತ ಇಳಿಯುತ್ತೆ. ಅಂದ್ರೆ ಹೀಟ್‌ಸಿಂಕಿಂದ ಬಂದ ಬಿಸಿ ಗಾಳೀನೇ ಒಳಗೊಳಗೇ ಸುತ್ತಿ ಫ್ಯಾನು ಮತ್ತೆ ಅದನ್ನೇ ಎಳೀತಿದೆ. ಬಾಗಿಲ ಸಂದಿಗೆ ಅಂಟಿಸೋ ಫೋಮ್ ಪಟ್ಟಿ ಎಸ್‌ಜೆಪಿ ರೋಡಿನ ಹಾರ್ಡ್‌ವೇರ್ ಅಂಗಡೀಲಿ ಮೀಟರ್ ಲೆಕ್ಕದಲ್ಲಿ ತಂದು, ಮುಚ್ಚಳದ ಒಳಬದಿಗೆ ಫ್ಯಾನಿನ ಸುತ್ತಳತೆಗೆ ಉಂಗುರ ಥರ ಅಂಟಿಸ್ದೆ, ಮುಚ್ಚಿದಾಗ ಫೋಮು ಕೂಲರ್ ಅಂಚಿಗೆ ಒತ್ತಿ ಕೂರುತ್ತೆ, ಫ್ಯಾನು ಹೊರಗಿನ ತಣ್ಣನೆ ಗಾಳಿ ಮಾತ್ರ ಎಳ್ಕೊಳುತ್ತೆ, ಬಿಸಿ ಗಾಳಿ ಪಕ್ಕದ ಕಿಂಡಿಗಳಿಂದ ಹೊರಗೆ. ಈಗ ಅದೇ ಲೋಡಿಗೆ 75 ದಾಟಲ್ಲ. ಇಡೀ ಮಷೀನಲ್ಲಿ ಅತಿ ಅಗ್ಗದ ಪಾರ್ಟು ಈ ಫೋಮೇ.

ತಗಡಿನ ಡಬ್ಬಿಯೊಳಗೆ ವೈಫೈ ಆಂಟೆನಾ ಇಟ್ರೆ ಸಿಗ್ನಲ್ ಸಾಯುತ್ತೆ, ಹಿಂದುಗಡೆ ಎರಡು ತೂತು ಕೊಯ್ಸಿ ರೌಟರ್ ಥರದ ಕಡ್ಡಿ ಆಂಟೆನಾ ಹೊರಗೆ ಹಾಕಿದೀನಿ. ನೋಡೋಕೆ ಅಷ್ಟೇನೂ ಚೆಂದ ಇಲ್ಲ.

ಇಷ್ಟೆಲ್ಲಾ ಬದಲು ಆಫೀಸುಗಳಿಂದ ಬಂದ ರೀಫರ್ಬಿಶ್ಡ್ ಮಿನಿ ಪಿಸಿ, ಲೆನೊವೊ ಥಿಂಕ್‌ಸೆಂಟರ್ ಟೈನಿನೋ ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋನೋ ತಗೋಬಹುದಿತ್ತಲ್ಲಾ ಅಂತ ಕೇಳೋರಿದಾರೆ. ತಗೋಬಹುದು, ಅವು ಒಂದು ಲೀಟರ್ ಆಸುಪಾಸು, ನಂದಕ್ಕಿಂತ ಚಿಕ್ಕವು, ಅಗ್ಗವೂ ಹೌದು, ಬರೀ ಕೆಲಸ ಆದ್ರೆ ಸಾಕು ಅನ್ನೋರಿಗೆ ನಾನೇ ಅದನ್ನೇ ಹೇಳ್ತೀನಿ. ಆದ್ರೆ ಅವುಗಳ ಬೋರ್ಡ್ ಹೋದ್ರೆ ಅದೇ ಮಾಡೆಲ್ ಬೋರ್ಡೇ ಹುಡುಕ್ಬೇಕು, ನನ್ನ ಡಬ್ಬಿಗೆ ಯಾವ ಕಂಪನಿಯ ಥಿನ್ ಐಟಿಎಕ್ಸ್ ಬೋರ್ಡಾದ್ರೂ ಕೂರುತ್ತೆ. ಕಟಿಂಗ್ ಫೈಲ್ ಬೇಕಾದೋರು ಕೇಳಿ, ಕಳಿಸ್ತೀನಿ. ನಿಮ್ಮ ಕೂಲರ್ ಎತ್ತರ ಬೇರೆ ಇದ್ರೆ ಪಕ್ಕದ ಪ್ಲೇಟುಗಳ ಅಳತೆ ಮೊದ್ಲು ಬದಲಾಯಿಸ್ಕೊಳ್ಳಿ, ಜಾಲರಿ ಫ್ಯಾನಿನ ನೆತ್ತಿಗೇ ಬರ್ತಿದೆಯಾ ಅಂತಾನೂ ನೋಡ್ಕೊಳ್ಳಿ, ಸಾಕೆಟ್ ಜಾಗ ಬೋರ್ಡಿಂದ ಬೋರ್ಡಿಗೆ ಸ್ವಲ್ಪ ಆಚೀಚೆ ಇರುತ್ತೆ.