ಮೀನಿನ ಪೆಟ್ಟಿಗೆಯಿಂದ ಕಂದು ಪುಡಿ

ಕಾಸರಗೋಡಿನ ಜೂನ್ ಮಳೆಯಲ್ಲಿ ಫೆರಿಕ್ ಕ್ಲೋರೈಡ್ ಬಾಟಲಿ ತೆರೆದು ನೋಡಿ. ಕಪ್ಪು ಪುಡಿ, ತೂಗಿ ಮುಗಿಸುವಷ್ಟರಲ್ಲಿ ಗಾಳಿಯ ನೀರು ಹೀರಿ ಬೆವತು ಹಳದಿ ಅಂಟಾಗಿ ಚಮಚಕ್ಕೆ ಹಿಡಿದಿರುತ್ತದೆ. ನನ್ನ ಮೊದಲ ಬ್ಯಾಚ್ ಹಾಳಾದದ್ದು ಹೀಗೆ.

ಮಾಡಲು ಹೊರಟದ್ದು ಥಿನ್ನರ್ ವಾಸನೆಯನ್ನು, ಅಂದರೆ ಗಾಳಿಯಲ್ಲಿರುವ ಟಾಲ್ವೀನ್ ಆವಿಯನ್ನು, ಹಿಡಿದಿಡುವ ಪಾಲಿಮರ್ ಪುಡಿ. ಕಚ್ಚಾ ಮಾಲು ಮೀನು ಮಾರ್ಕೆಟಿನ ಒಡೆದ ಥರ್ಮೋಕೋಲ್ ಪೆಟ್ಟಿಗೆ. ಅದೂ ಪಾಲಿಸ್ಟೈರೀನೇ ಅಲ್ವಾ? ಮೂರು ಸಲ ಸೋಪು ಹಾಕಿ ತೊಳೆದರೂ ಬಂಗುಡೆ ವಾಸನೆ ಹೋಗಲಿಲ್ಲ. ಡೈಕ್ಲೋರೋಈಥೇನಿಗೆ ಹಾಕಿದರೆ ಬುಟ್ಟಿ ತುಂಬ ತುಂಡು ಒಂದು ಲೋಟದೊಳಗೆ ಕರಗಿಹೋಗುತ್ತದೆ. (ಇದು ಕೆಟ್ಟ ದ್ರಾವಕ, ಕ್ಯಾನ್ಸರ್ ತರಬಲ್ಲದು. ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಮುಟ್ಟಬೇಡಿ.) ಅದಕ್ಕೆ ಸರಪಳಿಗಳ ನಡುವೆ ಕೊಂಡಿಯಾಗುವ ಡೈಮಿಥಾಕ್ಸಿಮೀಥೇನ್, ಆಮೇಲೆ ಆ ಕೊಂಡಿ ಹಾಕಿಸುವ ಫೆರಿಕ್ ಕ್ಲೋರೈಡ್ (ನೀರು ಕುಡಿದರೆ ಇದು ಕೆಲಸಕ್ಕೆ ಬಾರದು), 80 ಡಿಗ್ರಿ ಬಿಸಿ.

ಎರಡನೇ ಸಲ ಹೊಸ ಬಾಟಲಿಯನ್ನು ನೈಟ್ರೋಜನ್ ತುಂಬಿದ ಚೀಲದೊಳಗೇ ತೆರೆದು ತೂಗಿದೆ. ಸ್ವಲ್ಪ ಹೊತ್ತಿಗೆ ಕಲಕುವ ಮ್ಯಾಗ್ನೆಟ್ ಸಿಕ್ಕಿಕೊಂಡು ನಿಂತಿತು. ಫ್ಲಾಸ್ಕಿನೊಳಗೆ ಕಂದು ಹಲ್ವ! ದ್ರಾವಕದಲ್ಲಿ ಉಬ್ಬಿ ದೂರ ದೂರ ನಿಂತ ಪಾಲಿಸ್ಟೈರೀನಿನ ಉದ್ದ ಅಣು ಸರಪಳಿಗಳು ಹಾಗೇ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ದ್ರಾವಕ ಹೋದ ಮೇಲೆ ಒತ್ತಿ ಕೂರಲು ಆಗುವುದಿಲ್ಲ, ನಡುವೆ ಖಾಲಿ ಉಳಿಯುತ್ತದೆ. ನಮಗೆ ಬೇಕಾದದ್ದು ಆ ಖಾಲಿ ಜಾಗ. ಪಾಲಿಸ್ಟೈರೀನನ್ನು ಹೀಗೆ ಬಿಗಿಯುವ ಉಪಾಯ 1970ರ ಹೊತ್ತಿಗೆ ಸೋವಿಯತ್ ರಷ್ಯದ ದಾವಂಕೋವ್ ತಂಡದಿಂದ ಬಂದದ್ದು.

ತೊಳೆಯುವುದೇ ದೊಡ್ಡ ಕೆಲಸ. ಸಾಕ್ಸ್‌ಲೆಟ್‌ನಲ್ಲಿ (ಒಂದೇ ದ್ರಾವಕವನ್ನು ಕುದಿಸಿ, ತಣಿಸಿ, ಮತ್ತೆ ಮತ್ತೆ ಸುರಿಸಿ ತೊಳೆಯುವ ಗಾಜಿನ ಸಾಧನ) ಮೆಥನಾಲ್ ಹಳದಿ ಬಿಡುವುದು ನಿಲ್ಲುವವರೆಗೆ ತಿರುಗಿಸಬೇಕು. ಇಲ್ಲದಿದ್ದರೆ ಉಳಿದ ಕಬ್ಬಿಣ ಸುಮ್ನೆ ತೂಕ ಕೊಡುತ್ತದೆ. ಬಂಗುಡೆ ವಾಸನೆಯೂ ಅಲ್ಲೇ ಹೋಯಿತು.

ಒಳ್ಳೆ ಪುಡಿಯಾದರೆ 1 ಗ್ರಾಂನಲ್ಲಿ 1000 ಚದರ ಮೀಟರ್ ಒಳಮೈ ಇರುತ್ತದೆ. ನಮ್ಮೂರ ಲೆಕ್ಕದಲ್ಲಿ 25 ಸೆಂಟ್ಸ್ ಜಾಗ. ನನ್ನದು 15 ಸೆಂಟ್ಸಿಗೆ ನಿಂತಿತು.

"ಗೆರಟೆ ಕರಿ ಇರುವಾಗ ಇದೆಲ್ಲ ಯಾಕೆ ಮಾರಾಯ?" ಎಂದು ಮಾವ ಕೇಳಿದರು. ಕೇಳಿದ್ದು ಸರಿ. ತೆಂಗಿನ ಗೆರಟೆಯಿಂದ ಮಾಡುವ ಆಕ್ಟಿವೇಟೆಡ್ ಕಾರ್ಬನ್, ಅಂದರೆ ತುಂಬ ಸಣ್ಣ ತೂತುಗಳಿರುವ ಇದ್ದಿಲು, ಅಗ್ಗ, ಒಣ ಗಾಳಿಯಲ್ಲಿ ಟಾಲ್ವೀನನ್ನು ನನ್ನ ಪುಡಿಗಿಂತ ಜಾಸ್ತಿ ಹಿಡಿಯಿತು. ಆದರೆ ಓವನ್ನಿನಲ್ಲಿ ಒಣಗಿಸಿದ ಎರಡನ್ನೂ ಒಂದು ರಾತ್ರಿ ಕಿಟಕಿ ಬಳಿ ತೆರೆದಿಟ್ಟೆ, ಹೊರಗೆ ಜೋರು ಮಳೆ. ಬೆಳಿಗ್ಗೆ ಕಾರ್ಬನ್ನಿನ ತೂಕ ಚೆನ್ನಾಗಿ ಏರಿತ್ತು, ಎಲ್ಲಾ ನೀರು. ಟಾಲ್ವೀನ್ ಕೂರಬೇಕಾದ ಜಾಗದಲ್ಲಿ ನೀರು ಕೂತಿತ್ತು. ನೀರನ್ನು ಅಷ್ಟಾಗಿ ಹತ್ತಿರ ಸೇರಿಸದ ನನ್ನ ಪುಡಿ ಹೆಚ್ಚುಕಡಿಮೆ ಹಾಗೇ ಇತ್ತು.

ತೂಕ ಬರೆದ ಚೀಟಿ ಮಾವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು.

"ಅಂದ್ರೆ ಮಳೆಗಾಲಕ್ಕೆ ಮಾತ್ರ, ಅಲ್ವಾ?"