ಕಡಿಮೆ ಬಂದ ಅಂಕಿಯನ್ನು ನಾನು ನಂಬುವ ಬಗೆ

ಮಕ್ಕಳ ಮಿದುಳನ್ನು ಹಾಳುಮಾಡುವ ಆನುವಂಶಿಕ ಬ್ಯಾಟನ್ ಕಾಯಿಲೆಗಳ ಗುಂಪಿನಲ್ಲಿ ನಾನು ಪ್ರಯೋಗಾಲಯದಲ್ಲಿ ಹೆಚ್ಚು ಕೆಲಸ ಮಾಡಿರುವುದು ಸಿಎಲ್‌ಎನ್2 ಮೇಲೆ. ತಂದೆಯಿಂದಲೂ ತಾಯಿಯಿಂದಲೂ ದೋಷವಿರುವ ಜೀನ್ ಬಂದ ಮಗುವಿನಲ್ಲಿ ಟಿಪಿಪಿ1 ಎಂಬ ಕಿಣ್ವ ಕೆಲಸ ಮಾಡುವುದಿಲ್ಲ. ಒಡೆಯಬೇಕಾದ ಪ್ರೋಟೀನು ಜೀವಕೋಶದ ಕಸ ಒಡೆಯುವ ಚೀಲಗಳಾದ ಲೈಸೋಸೋಮ್‌ಗಳಲ್ಲೇ ಉಳಿಯುತ್ತದೆ. ಸಾಮಾನ್ಯವಾಗಿ 2ರಿಂದ 4 ವರ್ಷದೊಳಗೆ ಮಾತು ಹಿಂದೆ ಬೀಳುತ್ತದೆ, ಫಿಟ್ಸ್ ಬರುತ್ತದೆ. ಬಳಿಕ ನಡಿಗೆ, ದೃಷ್ಟಿ ಒಂದೊಂದಾಗಿ ಹೋಗುತ್ತವೆ.

ನನ್ನ ಮೇಜಿಗೆ ಬರುವುದು ಚರ್ಮದ ಚೂರಿನಿಂದ ಬೆಳೆಸಿದ ಜೀವಕೋಶಗಳು. ಅವನ್ನು ಒಡೆದು, ಪ್ರೋಟೀನಿನ ಪ್ರಮಾಣ ಅಳೆದುಕೊಂಡು, ಆಮ್ಲೀಯ ಬಫರ್‌ನಲ್ಲಿ ಒಂದು ಪುಟ್ಟ ಪೆಪ್ಟೈಡ್ (ಅಮೈನೋ ಆಮ್ಲಗಳ ಸರಣಿ) ಸೇರಿಸುತ್ತೇನೆ. ಟಿಪಿಪಿ1 ಅದರ ತುದಿಯ ಮೂರು ಅಮೈನೋ ಆಮ್ಲಗಳನ್ನು ಕತ್ತರಿಸಿದರೆ ಎಎಂಸಿ ಎಂಬ ಅಣು ಬಿಡುಗಡೆಯಾಗಿ, ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಪ್ರೋಟೀನು ಕತ್ತರಿಸುವ ಬೇರೆ ಕಿಣ್ವಗಳೂ ಕೈ ಹಾಕಬಾರದೆಂದು ಅಂಥವನ್ನು ತಡೆಯುವ ಪೆಪ್‌ಸ್ಟಾಟಿನ್ ಹಾಕುತ್ತೇನೆ. ಟಿಪಿಪಿ1 ಅದಕ್ಕೆ ಜಗ್ಗುವುದಿಲ್ಲ, ಅದೇ ಇಲ್ಲಿನ ಅನುಕೂಲ.

ಅಳೆಯುವುದು ಸುಲಭ. ಅಂಕಿ ಕಡಿಮೆ ಬಂದಾಗಲೇ ನಿಜವಾದ ಕೆಲಸ ಶುರು. ಮಾದರಿ ದಾರಿಯಲ್ಲಿ ಬಿಸಿಯೇರಿದ್ದರೆ ಆರೋಗ್ಯವಂತ ಮಗುವಿನ ಕಿಣ್ವವೂ ಸತ್ತಿರುತ್ತದೆ. ಆ ಅಂಕಿಯೂ ರೋಗಿಯ ಅಂಕಿಯಂತೆಯೇ ಕಾಣುತ್ತದೆ. ಆದ್ದರಿಂದ ಅದೇ ಕೊಳವೆಯಿಂದ ಬೀಟಾ-ಗ್ಯಾಲಕ್ಟೋಸಿಡೇಸ್ ಎಂಬ ಇನ್ನೊಂದು ಲೈಸೋಸೋಮ್ ಕಿಣ್ವವನ್ನೂ ಅಳೆಯುತ್ತೇನೆ. ಎರಡೂ ಬಿದ್ದಿದ್ದರೆ ವರದಿ ಬರೆಯುವುದಿಲ್ಲ, ಹೊಸ ಮಾದರಿ ಕೇಳುತ್ತೇನೆ. ಟಿಪಿಪಿ1 ಒಂದೇ ಬಿದ್ದಿದ್ದರೆ ಜೀನ್ ಪರೀಕ್ಷೆಗೆ ಕಳಿಸುತ್ತೇನೆ. ಅಲ್ಲಿಯೂ ಪದೇ ಪದೇ ಸಿಗುವ ಒಂದೆರಡು ರೂಪಾಂತರಗಳನ್ನಷ್ಟೇ ನೋಡಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಇಡೀ ಜೀನನ್ನು ಓದಿಸಬೇಕು.

ಸಂಶೋಧನೆಯ ಮಗ್ಗುಲು ಬೇರೆ. ಒಂದು ಬಗೆಯ ಜೀವಕೋಶ ಹೊರಬಿಟ್ಟ ವಸ್ತು ಇನ್ನೊಂದರ ಕೊರತೆಯನ್ನು ತುಂಬಬಲ್ಲದೆಂದು ಎಲಿಜಬೆತ್ ನ್ಯೂಫೆಲ್ಡ್ ಅವರ ತಂಡ 1968ರಲ್ಲಿ ಹರ್ಲರ್ ಮತ್ತು ಹಂಟರ್ ಎಂಬ ಬೇರೆರಡು ಲೈಸೋಸೋಮ್ ಕಾಯಿಲೆಗಳ ಜೀವಕೋಶಗಳಲ್ಲಿ ತೋರಿಸಿತು. ನಾವೂ ಅದೇ ಜಾಡಿನಲ್ಲಿ ಟಿಪಿಪಿ1ರ ಪೂರ್ವರೂಪವನ್ನು ಜೀವಕೋಶ ಬೆಳೆಸುವ ದ್ರವಕ್ಕೆ ಬೆರೆಸುತ್ತೇವೆ. ಜೀವಕೋಶದ ಮೇಲ್ಮೈಯಲ್ಲಿರುವ ಮ್ಯಾನೋಸ್-6-ಫಾಸ್ಫೇಟ್ ಗ್ರಾಹಕಗಳು ಅದನ್ನು ಒಳಗೆಳೆದುಕೊಳ್ಳುತ್ತವೆ, ಲೈಸೋಸೋಮಿನ ಆಮ್ಲದಲ್ಲಿ ಅದು ಚುರುಕಾಗುತ್ತದೆ. 2017ರಲ್ಲಿ ಅಮೆರಿಕದಲ್ಲಿ ಮಂಜೂರಾದ ಸಿಎಲ್‌ಎನ್2 ಔಷಧ ಸೆರ್ಲಿಪೊನೇಸ್ ಆಲ್ಫಾದ ಹಿಂದೆಯೂ ಇದೇ ತತ್ವವಿದೆ. ರಕ್ತದಿಂದ ಮಿದುಳಿಗೆ ದಾಟಲಾರದ ಕಾರಣ ಅದನ್ನು ಎರಡು ವಾರಕ್ಕೊಮ್ಮೆ ನೇರವಾಗಿ ಮಿದುಳಿನ ಕುಹರಕ್ಕೆ ಹರಿಸುತ್ತಾರೆ.

ತಟ್ಟೆಯಲ್ಲಿ ಕಿಣ್ವದ ಅಂಕಿ ಏರಿದೊಡನೆ ಕಿರಿಯರು ಹಿಗ್ಗುತ್ತಾರೆ. ನಾನು ತಡೆಯುತ್ತೇನೆ. ಒಳಗೆ ಕೂಡಿಬಿದ್ದದ್ದು ಕರಗಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಆ ಶೇಖರಣೆ ತಾನಾಗಿಯೇ ಹೊಳೆಯುತ್ತದೆ, ಹಲವು ಬಣ್ಣದ ಫಿಲ್ಟರ್‌ಗಳಲ್ಲಿ ಕಾಣಿಸಿಕೊಳ್ಳುತ್ತದೆ; ಅದನ್ನೇ ನಾವು ಪ್ರತಿಕಾಯದ ಮೂಲಕ ಹಾಕಿದ ಬಣ್ಣವೆಂದು ಕಣ್ಣು ಮೋಸಹೋಗುವುದು ಇಲ್ಲಿಯೇ. ಹೀಗಾಗಿ ಪ್ರತಿ ಸಲವೂ ಬಣ್ಣ ಹಾಕದ ಸ್ಲೈಡನ್ನು ಮೊದಲು ನೋಡಿ, ಅದರ ಹೊಳಪನ್ನು ಬರೆದಿಟ್ಟುಕೊಂಡ ಮೇಲೆಯೇ ಬಣ್ಣ ಹಾಕಿದ ಸ್ಲೈಡನ್ನು ಸೂಕ್ಷ್ಮದರ್ಶಕಕ್ಕೆ ಏರಿಸುತ್ತೇನೆ.