ಲಂಡನ್ನಿನ ಹಳೇ ಕೋರ್ಟುಗಳನ್ನು ನೋಡುವ ಬಗೆ: ಮಲೆನಾಡಿನಿಂದ ಓದಲು ಹೋಗುವವರಿಗೆ

ಎಲ್‌ಎಲ್‌ಎಂ ಮಾಡಲೋ ಆರ್ಕಿಟೆಕ್ಚರ್ ಓದಲೋ ಲಂಡನ್ನಿಗೆ ಹೋದ ನಮ್ಮ ಕಡೆಯ ಹುಡುಗ ಹುಡುಗಿಯರು ಸ್ಟ್ರಾಂಡ್ ರಸ್ತೆಯ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ (ಅಲ್ಲಿನ ಹೈಕೋರ್ಟು, ಕೋರ್ಟ್ ಆಫ್ ಅಪೀಲ್ ಕೂರುವ ಕಟ್ಟಡ) ಎದುರು ಫೋಟೋ ತೆಗೆಸಿಕೊಂಡು ಮುಂದೆ ಹೋಗಿಬಿಡುತ್ತಾರೆ. ಕೇಸಿಲ್ಲದವರನ್ನು ಒಳಗೆ ಬಿಡುವುದಿಲ್ಲವೇನೋ ಎಂಬ ಅಂಜಿಕೆ. ಸೋಮವಾರದಿಂದ ಶುಕ್ರವಾರದವರೆಗೆ ಯಾರು ಬೇಕಾದರೂ ಹೋಗಬಹುದು, ಟಿಕೆಟ್ ಇಲ್ಲ, ಮೊದಲೇ ಹೆಸರು ಬರೆಸಬೇಕಿಲ್ಲ. ಆದರೆ ಇದು ಮ್ಯೂಸಿಯಂ ಅಲ್ಲ, ಕಲಾಪ ನಡೆಯುವ ಜಾಗ. ಹಾಗಾಗಿ ಕಂಬ ಕಮಾನುಗಳಿಗಿಂತ ಮೊದಲು ಬಾಗಿಲು, ಮೆಟ್ಟಿಲು ನೋಡಬೇಕು: ಯಾರು ಯಾವ ಕಡೆಯಿಂದ ಬರುತ್ತಾರೆ, ಯಾರಿಗೆ ಯಾರು ಎದುರಾಗಬಾರದು. ಕೋರ್ಟಿನ ನಕ್ಷೆ ಹುಟ್ಟುವುದೇ ಈ ಲೆಕ್ಕದಿಂದ.

ಊರಲ್ಲೇ ಮಾಡಿಕೊಳ್ಳಬೇಕಾದ್ದು

ಹೊರಡುವ ಮೊದಲು ಶಿವಮೊಗ್ಗದ ಜಿಲ್ಲಾ ನ್ಯಾಯಾಲಯದಲ್ಲೋ, ಸಾಗರ ತೀರ್ಥಹಳ್ಳಿಯವರಾದರೆ ಅಲ್ಲಿನ ಕೋರ್ಟಿನಲ್ಲೋ ಅರ್ಧ ದಿನ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಫೋನ್ ಆಫ್ ಇರಲಿ. ಹೊರಗೆ ಬಂದ ಮೇಲೆ ಒಂದು ಹಾಳೆಯಲ್ಲಿ ಪೀಠ, ಬೆಂಚ್ ಕ್ಲರ್ಕ್ ಮೇಜು, ವಕೀಲರ ಸಾಲು, ಸಾಕ್ಷಿ ಕಟಕಟೆ, ಆರೋಪಿ ನಿಲ್ಲುವ ಜಾಗ ಗುರುತಿಸಿ, ಪ್ರತಿಯೊಬ್ಬರೂ ಬಂದ ಬಾಗಿಲಿಗೆ ಬಾಣ ಹಾಕಿ. ಲಂಡನ್ನಿನಲ್ಲೂ ಇದನ್ನೇ ಮಾಡುವುದು. ಕೈಯಲ್ಲಿ ಊರಿನ ಹಾಳೆ ಇದ್ದರೆ ವ್ಯತ್ಯಾಸ ತಾನಾಗೇ ಕಾಣುತ್ತದೆ. ಇಲ್ಲದಿದ್ದರೆ ಬರೀ ಅಲ್ಲಿನ ವಕೀಲರ ತಲೆಯ ವಿಗ್ ನೋಡಿಕೊಂಡು ಬರುತ್ತೀರಿ.

ಎರಡನೆಯದು ಹೆಜ್ಜೆಯ ಅಳತೆ. ಒಳಗೆ ಟೇಪು ಹಿಡಿದು ಓಡಾಡಿದರೆ ಸೆಕ್ಯೂರಿಟಿಯವರು ಬಂದು ವಿಚಾರಿಸುತ್ತಾರೆ, ಹೆಜ್ಜೆ ಎಣಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ನೆಹರು ಕ್ರೀಡಾಂಗಣದ ಟ್ರ್ಯಾಕಿನಲ್ಲಿ 100 ಮೀಟರನ್ನು ಸಹಜ ನಡಿಗೆಯಲ್ಲಿ ಮೂರು ಸಲ ನಡೆದು ಸರಾಸರಿ ತೆಗೆಯಿರಿ. 135 ಹೆಜ್ಜೆ ಬಂದರೆ ನಿಮ್ಮ ಹೆಜ್ಜೆ ಸುಮಾರು 74 ಸೆಂಟಿಮೀಟರ್. ಚಪ್ಪಲಿಯಲ್ಲಿ ಅಳೆದು ಅಲ್ಲಿ ದಪ್ಪ ಬೂಟಿನಲ್ಲಿ ನಡೆದರೆ ಲೆಕ್ಕ ತಪ್ಪುತ್ತದೆ. ಅಲ್ಲಿ ಹಾಕುವ ಬೂಟಿನಲ್ಲೇ ಅಳೆಯಿರಿ.

ಸ್ಟ್ರಾಂಡಿನ ಕಟ್ಟಡ ಗಾಥಿಕ್ ಶೈಲಿಯದು. ಆ ಶೈಲಿಯ ಚೂಪು ಕಮಾನಿನ ಪರಿಚಯಕ್ಕೆ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚ್ ಸಾಕು.

ಯಾವಾಗ ಹೋಗಬೇಕು

ಹೆಚ್ಚಿನವರು ಎಡವುವುದು ಇಲ್ಲೇ. ಇಂಗ್ಲೆಂಡಿನ ದೊಡ್ಡ ಕೋರ್ಟುಗಳು ವರ್ಷಕ್ಕೆ ನಾಲ್ಕು ಅವಧಿ ಕೂರುತ್ತವೆ: ಮೈಕಲ್ಮಸ್, ಹಿಲರಿ, ಈಸ್ಟರ್, ಟ್ರಿನಿಟಿ. ಆಗಸ್ಟ್, ಸೆಪ್ಟೆಂಬರ್ ರಜೆ, ತುರ್ತು ಕೇಸುಗಳು ಮಾತ್ರ. ನಮ್ಮವರು ಕಾಲೇಜಿಗೆ ಸೇರುವುದು ಸೆಪ್ಟೆಂಬರಿನಲ್ಲಿ. ಆ ಉತ್ಸಾಹದಲ್ಲೇ ಹೋದರೆ ಬೀಗ ಹಾಕಿದ ಕೋರ್ಟ್ ಹಾಲುಗಳ ಮುಂದೆ ಅಡ್ಡಾಡಿ ಬರಬೇಕಾಗುತ್ತದೆ. ಅಕ್ಟೋಬರ್ ಎರಡನೇ ವಾರದ ನಂತರ ಹೋಗಿ. ಕಟ್ಟಡವಷ್ಟೇ ಬೇಕೆಂದಿದ್ದರೆ ಸೆಪ್ಟೆಂಬರಿನ ಓಪನ್ ಹೌಸ್ ಉತ್ಸವದ ಪಟ್ಟಿ ನೋಡಿ, ಸಾಮಾನ್ಯ ದಿನಗಳಲ್ಲಿ ಮುಚ್ಚಿರುವ ಎಷ್ಟೋ ಬಾಗಿಲು ಆಗ ತೆರೆಯುತ್ತವೆ.

ಹಿಂದಿನ ದಿನ ಮಧ್ಯಾಹ್ನದ ಮೇಲೆ ಸರ್ಕಾರಿ ವೆಬ್‌ಸೈಟಿನಲ್ಲಿ ಮರುದಿನದ ಕಾಸ್ ಲಿಸ್ಟ್ (ಯಾವ ಕೇಸು ಯಾವ ಕೋರ್ಟಿನಲ್ಲಿ ಎಂಬ ಪಟ್ಟಿ) ಬರುತ್ತದೆ. ಕೋರ್ಟ್ ನಂಬರಿನ ಜೊತೆಗೆ ಕಟ್ಟಡದ ಹೆಸರನ್ನೂ ಓದಿ. ರೋಲ್ಸ್ ಬಿಲ್ಡಿಂಗ್ ಎಂದಿದ್ದರೆ ಅದು ಫೆಟ್ಟರ್ ಲೇನಿನ ಹೊಸ ಗಾಜಿನ ಕಟ್ಟಡ, ವಾಣಿಜ್ಯ ವ್ಯಾಜ್ಯಗಳು ಅಲ್ಲಿಗೆ ಹೋಗಿವೆ. ಖಾಸಗಿ ವಿಚಾರಣೆ ಎಂದಿರುವ ಕೇಸಿಗೆ ಪ್ರವೇಶವಿಲ್ಲ. ತೀರ್ಪು ಓದಲು ಮಾತ್ರ ಇಟ್ಟದ್ದು ಹತ್ತು ನಿಮಿಷಕ್ಕೆ ಮುಗಿದುಹೋಗಬಹುದು. ಕೋರ್ಟ್ ಆಫ್ ಅಪೀಲಿನ ಪೂರ್ಣ ವಿಚಾರಣೆ ಸಿಕ್ಕರೆ ಮೂವರು ನ್ಯಾಯಾಧೀಶರು ವಕೀಲರನ್ನು ಪ್ರಶ್ನೆಗಳಲ್ಲಿ ಅರೆಯುವುದನ್ನು ಕೇಳಬಹುದು. ಎರಡು ಮೂರು ಕೇಸು ಗುರುತು ಹಾಕಿಕೊಂಡಿರಿ, ವಾಯಿದೆ ಹೋಗುವುದು ನಮ್ಮ ಕೋರ್ಟುಗಳಲ್ಲಿ ಮಾತ್ರವಲ್ಲ.

ಸ್ಟ್ರಾಂಡಿನ ಕಟ್ಟಡ

ಟೆಂಪಲ್ ಸ್ಟೇಷನ್ನಿನಲ್ಲಿ ಇಳಿದರೆ ಐದು ನಿಮಿಷದ ನಡಿಗೆ. ಬ್ಯಾಗಿನ ತಪಾಸಣೆ ಏರ್‌ಪೋರ್ಟಿನ ಹಾಗೇ ಇರುತ್ತದೆ. ಊರಿಂದ ತಂದ ಎಲೆ ಅಡಿಕೆ ಚೀಲ ಬ್ಯಾಗಿನ ತಳದಲ್ಲಿದ್ದರೆ ಅದರೊಳಗಿನ ಅಡಕತ್ತರಿಯನ್ನು ರೂಮಿನಲ್ಲೇ ಬಿಟ್ಟು ಬನ್ನಿ. ಚೂಪಾದ, ಹರಿತವಾದ ಯಾವುದನ್ನೂ ಒಳಗೆ ಬಿಡುವುದಿಲ್ಲ. ನೀರಿನ ಬಾಟಲಿ ಇದ್ದರೆ ಒಂದು ಗುಟುಕು ಕುಡಿದು ತೋರಿಸಲು ಹೇಳಬಹುದು.

ಒಳಗೆ ಹೋಗುವ ಮುನ್ನ ರಸ್ತೆಯ ಆಚೆ ಬದಿ ನಿಂತು ಮೇಲೆ ನೋಡಿ. ಎಲ್ಲಕ್ಕಿಂತ ಮೇಲೆ ಕ್ರಿಸ್ತ, ಅದಕ್ಕಿಂತ ಕೆಳಗೆ ಎರಡು ಬದಿಗೆ ರಾಜ ಸಾಲೊಮನ್ ಮತ್ತು ರಾಜ ಆಲ್ಫ್ರೆಡ್. ಹಿಂದಿನ ಮುಖದಲ್ಲಿ ಮೋಶೆ ಇದ್ದಾನೆ. ಕಲ್ಲು ಪೋರ್ಟ್‌ಲೆಂಡಿನ ಸುಣ್ಣಕಲ್ಲು: ಮಳೆ ಹೊಡೆದ ಕಡೆ ತೊಳೆದು ಬೆಳ್ಳಗಾಗುತ್ತದೆ, ಮರೆಯಲ್ಲಿ ಮಸಿ ಕಟ್ಟಿ ಕಪ್ಪಾಗುತ್ತದೆ. ನಮ್ಮ ಜಂಬಿಟ್ಟಿಗೆ ಗೋಡೆಯಲ್ಲಿ ನಡೆಯುವುದು ಇದಕ್ಕೆ ತಿರುಗಾಮುರುಗಾ, ಮಳೆ ಹೊಡೆದ ಕಡೆಯೇ ಹಾವಸೆ ಹಿಡಿದು ಕಪ್ಪಾಗುತ್ತದೆ.

ವಾಸ್ತುಶಿಲ್ಪಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್. 1882ರ ಡಿಸೆಂಬರ್ 4ರಂದು ವಿಕ್ಟೋರಿಯಾ ರಾಣಿ ಕಟ್ಟಡ ಉದ್ಘಾಟಿಸುವ ಹೊತ್ತಿಗೆ ಆತ ತೀರಿಕೊಂಡು ಹೆಚ್ಚುಕಡಿಮೆ ಒಂದು ವರ್ಷ ಆಗಿತ್ತು. ಆತನ ಪ್ರತಿಮೆ ಗ್ರೇಟ್ ಹಾಲಿನಲ್ಲಿದೆ. ಆ ಹಾಲು ಸುಮಾರು 72 ಮೀಟರ್ ಉದ್ದ, 24 ಮೀಟರ್ ಎತ್ತರ. 74 ಸೆಂಟಿಮೀಟರ್ ಹೆಜ್ಜೆಗೆ 97 ಬರಬೇಕು. ತೀರ ಕಮ್ಮಿ ಬಂದರೆ ಕತ್ತೆತ್ತಿ ಚಾವಣಿ ನೋಡುತ್ತಾ ಹೆಜ್ಜೆ ಉದ್ದ ಹಾಕಿದ್ದೀರಿ ಅಂತಲೇ ಅರ್ಥ, ವಾಪಸು ಬರುವಾಗ ಮತ್ತೆ ಎಣಿಸಿ.

ಇಷ್ಟು ದೊಡ್ಡ ಹಾಲಿನಲ್ಲಿ ಒಂದೂ ಕೇಸು ನಡೆಯುವುದಿಲ್ಲ. ಕೋರ್ಟ್ ಹಾಲುಗಳಿರುವುದು ಮೇಲೆ, ಬದಿಗಳಲ್ಲಿ, ಕಿರಿದಾದ ಕಲ್ಲಿನ ಮೆಟ್ಟಿಲು ಹತ್ತಿದ ಮೇಲೆ. ದಾರಿ ತಪ್ಪುವುದು ಸಹಜ, ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ. ಕಲಾಪ ಸಾಮಾನ್ಯವಾಗಿ 10:30ಕ್ಕೆ ಶುರು, 1ರಿಂದ 2 ಊಟ, 4ರ ಸುಮಾರಿಗೆ ಮುಕ್ತಾಯ. ಹಿಂದಿನ ಬಾಗಿಲು ಮೆಲ್ಲಗೆ ತಳ್ಳಿ, ಪೀಠದ ಕಡೆ ಸಣ್ಣಗೆ ತಲೆಬಾಗಿ ಹಿಂದಿನ ಸಾಲಿನಲ್ಲಿ ಕೂರಿ. ನ್ಯಾಯಾಧೀಶರು ಪೀಠದ ಹಿಂದಿನ ಬಾಗಿಲಿಂದ ನೇರ ಪೀಠದ ಎತ್ತರಕ್ಕೇ ಬರುತ್ತಾರೆ, ಜನರ ನಡುವೆ ಹಾದು ಬರುವುದಿಲ್ಲ. ಆ ಬಾಗಿಲಿಗೆ ನಿಮ್ಮ ಹಾಳೆಯಲ್ಲಿ ಮೊದಲ ಬಾಣ. ಹೊರಗೆ ಬಂದ ಮೇಲೆ ಕಟ್ಟಡ ಸುತ್ತಿ ಹಿಂದಿನ ಕ್ಯಾರಿ ಸ್ಟ್ರೀಟಿಗೆ ಹೋದರೆ ನ್ಯಾಯಾಧೀಶರ ಪ್ರವೇಶದ್ವಾರ ಸಿಗುತ್ತದೆ. ಅದರ ಮೇಲೆ ಕಲ್ಲಿನ ಬೆಕ್ಕು, ನಾಯಿ ಕೆತ್ತಿದ್ದಾರೆ: ಕಚ್ಚಾಡುವ ಕಕ್ಷಿದಾರರು. ದಿನಾ ಒಳಗೆ ಹೋಗುವಾಗ ನ್ಯಾಯಾಧೀಶರ ಕಣ್ಣಿಗೆ ಬೀಳಲಿ ಅಂತಲೇ ಇಟ್ಟ ಹಾಗಿದೆ.

ಪೆನ್ಸಿಲ್ ವಿಷಯದಲ್ಲಿ ಎಚ್ಚರ. ಅಲ್ಲಿನ 1925ರ ಕ್ರಿಮಿನಲ್ ಜಸ್ಟಿಸ್ ಕಾಯಿದೆಯ 41ನೇ ಕಲಂ ಪ್ರಕಾರ ಕೋರ್ಟಿನೊಳಗೆ ಫೋಟೋ ತೆಗೆಯುವುದಷ್ಟೇ ಅಲ್ಲ, ಪ್ರಕಟಿಸುವ ಉದ್ದೇಶದಿಂದ ನ್ಯಾಯಾಧೀಶರ, ಜ್ಯೂರಿಯ (ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸಲು ಕೂರುವ ಸಾಮಾನ್ಯ ನಾಗರಿಕರ), ಸಾಕ್ಷಿಯ ಚಿತ್ರ ಬಿಡಿಸುವುದೂ ಅಪರಾಧ. ಟಿವಿಯಲ್ಲಿ ಬರುವ ಕೋರ್ಟ್ ಚಿತ್ರಗಳನ್ನು ಕಲಾವಿದರು ಹೊರಗೆ ಬಂದು ನೆನಪಿನಿಂದ ಬರೆಯುತ್ತಾರೆ. ಧ್ವನಿಮುದ್ರಣವೂ ಇಲ್ಲ. ಟಿಪ್ಪಣಿ ಬರೆದುಕೊಳ್ಳಬಹುದು. ನಕ್ಷೆಯನ್ನು ಹೊರಗೆ ಬಂದ ಕೂಡಲೇ ಹಾಕಿ, ಸಂಜೆಗೆ ಬಿಟ್ಟರೆ ಬಾಗಿಲುಗಳು ಅದಲು ಬದಲಾಗುತ್ತವೆ.

ಓಲ್ಡ್ ಬೇಲಿ

ಫ್ಲೀಟ್ ಸ್ಟ್ರೀಟಿನಲ್ಲಿ ಪೂರ್ವಕ್ಕೆ ಹದಿನೈದು ನಿಮಿಷ ನಡೆದರೆ ಓಲ್ಡ್ ಬೇಲಿ, ಕ್ರಿಮಿನಲ್ ಕೋರ್ಟು. ನ್ಯೂಗೇಟ್ ಜೈಲನ್ನು ಕೆಡವಿದ ಜಾಗದಲ್ಲಿ ಕಟ್ಟಿ 1907ರಲ್ಲಿ ತೆರೆದದ್ದು. ಗುಮ್ಮಟದ ಮೇಲಿನ ನ್ಯಾಯದೇವತೆಗೆ ಕಣ್ಣಿಗೆ ಪಟ್ಟಿ ಇಲ್ಲ, ನೋಡಿ.

ಇಲ್ಲಿನ ನಿಯಮ ಬಿಗಿ. ಫೋನ್, ಕ್ಯಾಮೆರಾ, ಸ್ಮಾರ್ಟ್‌ವಾಚ್, ದೊಡ್ಡ ಬ್ಯಾಗ್, ತಿಂಡಿ ಯಾವುದಕ್ಕೂ ಪ್ರವೇಶವಿಲ್ಲ, ಇಡಲು ಲಾಕರೂ ಇಲ್ಲ. ಎರಡೂ ಕಟ್ಟಡ ಒಂದೇ ದಿನ ನೋಡುವ ಆಸೆಯಿದ್ದರೆ ಫೋನಿನದೇ ತೊಡಕು. ಇಬ್ಬರು ಹೋಗಿ ಒಬ್ಬರು ಹೊರಗಿರಬೇಕು, ಇಲ್ಲವೇ ಓಲ್ಡ್ ಬೇಲಿಗೆ ಬೇರೆ ದಿನ ಇಡಬೇಕು. ಬೇರೆ ದಿನವೇ ಒಳ್ಳೆಯದು. ಫೋನಿಲ್ಲದೆ ಹೋಗುವುದರಿಂದ ದಾರಿಯನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಹತ್ತಿರದ ಸ್ಟೇಷನ್ ಸೇಂಟ್ ಪಾಲ್ಸ್. ಸಾರ್ವಜನಿಕರು ಕೂರುವ ಗ್ಯಾಲರಿ 10ರ ಹೊತ್ತಿಗೆ ತೆರೆಯುತ್ತದೆ, ದೊಡ್ಡ ಕೊಲೆ ಕೇಸಿದ್ದರೆ ಅರ್ಧ ಗಂಟೆ ಮೊದಲೇ ಸಾಲು.

ದಾರಿಗಳ ಲೆಕ್ಕ ಇಲ್ಲಿ ಇನ್ನೂ ಸ್ಪಷ್ಟ. ಸಾರ್ವಜನಿಕರಿಗೆ ಬೀದಿಯಿಂದಲೇ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಮೆಟ್ಟಿಲು, ಅಲ್ಲಿಂದ ಸೀದಾ ಗ್ಯಾಲರಿ. ಗುಮ್ಮಟದ ಕೆಳಗಿನ ಚಿತ್ರಾಲಂಕಾರದ ಹಾಲು ನಿಮಗೆ ಕಾಣುವುದೇ ಇಲ್ಲ, ಅದಕ್ಕೆ ಬೇರೆ ಟೂರ್ ಬುಕ್ ಮಾಡಬೇಕು. ಹಳೇ ಕೋರ್ಟ್ ಹಾಲುಗಳಲ್ಲಿ ಆರೋಪಿಯ ಕಟಕಟೆಗೆ ಕೆಳಗಿನ ಸೆಲ್ಲುಗಳಿಂದ ಮೆಟ್ಟಿಲು ಬರುತ್ತದೆ. ಒಂದು ಬದಿಗೆ ಹನ್ನೆರಡು ಜನ ಜ್ಯೂರಿ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ನಾವು ಜ್ಯೂರಿಯನ್ನು ಕೈಬಿಟ್ಟಿದ್ದರಿಂದ ನಿಮ್ಮ ಊರಿನ ಹಾಳೆಯಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ವಕೀಲರು ಪೀಠದ ಕಡೆ ಎಷ್ಟು ಹೊತ್ತು, ಜ್ಯೂರಿಯ ಕಡೆ ಎಷ್ಟು ಹೊತ್ತು ಮುಖಮಾಡುತ್ತಾರೆ ಗಮನಿಸಿ. ಜ್ಯೂರಿ ಪ್ರಮಾಣ ಸ್ವೀಕರಿಸುವಾಗ, ನ್ಯಾಯಾಧೀಶರು ಅವರಿಗೆ ಕೇಸು ವಿವರಿಸುವಾಗ ಎದ್ದು ಹೋಗಬೇಡಿ.

ಒಳಗಿನ ಫೋಟೋ ಬೇಕೇ ಬೇಕೆಂದರೆ ಪಾರ್ಲಿಮೆಂಟ್ ಚೌಕದ ಸುಪ್ರೀಂ ಕೋರ್ಟಿಗೆ ಹೋಗಿ, ಕಲಾಪ ಇಲ್ಲದಾಗ ಬಿಡುತ್ತಾರೆ. 1913ರ ಕಟ್ಟಡ, ಸುಪ್ರೀಂ ಕೋರ್ಟ್ ಆದದ್ದು 2009ರಲ್ಲಿ. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಯ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಪ್ರಿವಿ ಕೌನ್ಸಿಲ್ ಕೂರುವುದೂ ಈಗ ಅಲ್ಲೇ. ಸಿರ್ಸಿ, ಸಿದ್ದಾಪುರ ಬೊಂಬಾಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಅಲ್ಲಿನ ಆಸ್ತಿ ವ್ಯಾಜ್ಯ ಬಾಂಬೆ ಹೈಕೋರ್ಟ್ ದಾಟಿ ಪ್ರಿವಿ ಕೌನ್ಸಿಲಿಗೆ ಹೋಗುವ ದಾರಿಯಿತ್ತು. 1949ರಲ್ಲಿ ಆ ದಾರಿ ಮುಚ್ಚಿತು.

ಕೊನೆಗೆ ವಾಟ್ಸಾಪ್ ಸ್ಟೇಟಸ್. ಕೇಳಿದ ಕೇಸನ್ನು ಬರೆದು ಹಾಕುವ ಮುನ್ನ ಎರಡು ವಿಷಯ ನೋಡಿಕೊಳ್ಳಿ. ಲೈಂಗಿಕ ಅಪರಾಧದ ದೂರುದಾರರ ಗುರುತನ್ನು ಅಲ್ಲಿ ಜೀವಮಾನವಿಡೀ ಪ್ರಕಟಿಸುವಂತಿಲ್ಲ. ಜ್ಯೂರಿಯನ್ನು ಹೊರಗೆ ಕಳಿಸಿ ನಡೆಸಿದ ಚರ್ಚೆಯನ್ನು ವಿಚಾರಣೆ ಮುಗಿಯುವವರೆಗೆ ಎಲ್ಲೂ ಬರೆಯುವಂತಿಲ್ಲ. ಕನ್ನಡದಲ್ಲಿ ಬರೆದರೂ ಅಷ್ಟೇ.